‘ಮನೆಮುರುಕಿ’ ಎಂದ ಪ್ರೇಕ್ಷಕರು ಮತ್ತು ತಮ್ಮ ಪತ್ರ

ಮಾನ್ಯ ಓದುಗರೇ,

ಶಿರಸಿಯಿಂದ ತಾವು ಬರೆದ ದೀರ್ಘ ಪತ್ರ ತಲುಪಿತು. ಮೊದಲ ಸಲ ಓದಿದಾಗ ಪತ್ರಿಕೆಯನ್ನು ಸಮರ್ಥಿಸಿಕೊಳ್ಳಬೇಕೆಂದು ಅನ್ನಿಸಿತು. ಮರುದಿನ ಮತ್ತೆ ಓದಿದಾಗ ತಮ್ಮ ಆಕ್ಷೇಪಗಳಲ್ಲಿ ಹೆಚ್ಚಿನವು ನ್ಯಾಯವಾದವೆಂದು ಮನವರಿಕೆಯಾಯಿತು. ಪತ್ರವನ್ನು ಇಡಿಯಾಗಿ ಅಚ್ಚು ಮಾಡಲು ಸ್ಥಳವಿಲ್ಲದ ಕಾರಣ ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ಹಿಂದಿನ ಸಂಚಿಕೆಯಲ್ಲಿ ನಾವು 1997ರ ‘ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್’ ಚಿತ್ರವನ್ನು ಕುರಿತು ಪ್ರೇಕ್ಷಕರ ಅಭಿಪ್ರಾಯಗಳನ್ನು ಎರಡು ಪುಟಗಳಲ್ಲಿ ಪ್ರಕಟಿಸಿದ್ದೆವು. ಬರೆದವರಲ್ಲಿ ಬಹುಪಾಲು ಮಂದಿ ಚಿತ್ರವನ್ನು ಬಿಟ್ಟು ಅದರ ನಾಯಕಿಯನ್ನು ವಿಚಾರಣೆಗೆ ನಿಲ್ಲಿಸಿದ್ದರೆಂಬುದು ತಮ್ಮ ಮೊದಲ ದೂರು. ಮದುವೆ ಮನೆಗೆ ಬಂದು ಹೆಣ್ಣನ್ನು ಗೆದ್ದುಕೊಂಡು ಹೋಗುವ ನಾಯಕನಿಗೆ ಶಿಳ್ಳೆ ಹೊಡೆಯುವ ನಾವೇ, ಗಂಡನ್ನು ಗೆಲ್ಲಲು ಬಂದ ನಾಯಕಿಗೆ ಛೀಮಾರಿ ಹಾಕುತ್ತೇವೆಂಬುದು ಎರಡನೆಯದು. ಹೀಗಿರುವಾಗ ಪ್ರೇಕ್ಷಕರ ಅಭಿಪ್ರಾಯಕ್ಕೆ ಪತ್ರಿಕೆಯ ಪುಟಗಳನ್ನು ಕೊಡುವುದೇ ಸರಿಯೇ, ಆ ಜಾಗವನ್ನು ಬಲ್ಲವರ ವಿಮರ್ಶೆಗೆ ಮೀಸಲಿಡಬಾರದೇ ಎಂಬುದು ತಮ್ಮ ಕೊನೆಯ ಪ್ರಶ್ನೆ.

ಇವುಗಳಿಗೆ ಉತ್ತರಿಸುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಪುಟಗಳಿಗೆ ‘ಮದುವೆ ಮನೆಗೆ ಬಂದ ಮನೆಮುರುಕಿ’ ಎಂದು ತಲೆಬರಹ ಕೊಟ್ಟವನು ನಾನೇ. ಓದುಗರೊಬ್ಬರ ಪತ್ರದಲ್ಲಿದ್ದ ಮಾತನ್ನು ಎತ್ತಿ ತಲೆಬರಹಕ್ಕೇರಿಸಿದಾಗ ಅದು ಒಬ್ಬರ ಅಭಿಪ್ರಾಯವಾಗಿ ಉಳಿಯದೆ ಪತ್ರಿಕೆಯ ತೀರ್ಪಾಗುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು. ಅದನ್ನು ಓದಿಕೊಂಡೇ ಒಳಗಿನ ಅಭಿಪ್ರಾಯಗಳಿಗೆ ಹೋದ ಓದುಗರಿಗೆ ಭಿನ್ನವಾಗಿ ಯೋಚಿಸುವ ಅವಕಾಶವನ್ನು ನಾವು ಕೊಡಲಿಲ್ಲ. ಇದಕ್ಕಾಗಿ ತಮ್ಮಲ್ಲಿಯೂ ಉಳಿದ ಓದುಗರಲ್ಲಿಯೂ ಕ್ಷಮೆ ಕೋರುತ್ತೇನೆ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುವುದಾದರೆ ಅದು ಹೀಗಿದೆ. ಜೂಲಿಯಾನ್ ನ್ಯೂಯಾರ್ಕಿನಲ್ಲಿ ಊಟ ತಿಂಡಿಗಳ ಬಗ್ಗೆ ಬರೆಯುವ ಪತ್ರಕರ್ತೆ. ಕ್ರೀಡಾ ವರದಿಗಾರನಾದ ಮೈಕೆಲ್ ಅವಳ ಹಳೆಯ ಗೆಳೆಯ. ಇಪ್ಪತ್ತೆಂಟು ತುಂಬುವವರೆಗೂ ಇಬ್ಬರಿಗೂ ಮದುವೆಯಾಗದಿದ್ದರೆ ತಾವೇ ಒಬ್ಬರನ್ನೊಬ್ಬರು ಮದುವೆಯಾಗೋಣವೆಂದು ಹಿಂದೊಮ್ಮೆ ಮಾತಾಡಿಕೊಂಡವರು. ಆ ವಯಸ್ಸು ಹತ್ತಿರ ಬಂದಾಗ ಮೈಕೆಲ್ ಫೋನ್ ಮಾಡಿ, ಷಿಕಾಗೋದ ಶ್ರೀಮಂತರ ಮಗಳಾದ ಇಪ್ಪತ್ತು ವರ್ಷದ ಕಿಮ್ಮಿಯೊಡನೆ ತನ್ನ ಮದುವೆ ಗೊತ್ತಾಗಿದೆ ಎನ್ನುತ್ತಾನೆ. ತಾನು ಅವನನ್ನು ಪ್ರೀತಿಸುತ್ತಿದ್ದೇನೆಂಬುದು ಜೂಲಿಯಾನ್‌ಗೆ ಅರಿವಾಗುವುದು ಆ ಗಳಿಗೆಯಲ್ಲಿ. ಲಗ್ನಕ್ಕೆ ಉಳಿದಿರುವುದು ನಾಲ್ಕೇ ದಿನ. ಅವಳು ವಿಮಾನ ಹತ್ತುವುದು ಮದುವೆಯನ್ನು ಮುರಿಯುವುದಕ್ಕಾಗಿ, ವಧು ಅವಳನ್ನು ನಿಲ್ದಾಣದಲ್ಲಿ ಎದುರುಗೊಂಡು ಅಪ್ಪಿಕೊಳ್ಳುವುದು ತನ್ನ ಗೆಳತಿಯಾಗಿ ಜೊತೆಗೆ ನಿಲ್ಲಬೇಕೆಂದು ಕೇಳುವುದಕ್ಕಾಗಿ. ಜೂಲಿಯಾ ರಾಬರ್ಟ್ಸ್, ಡರ್ಮಟ್ ಮಲ್ರೋನಿ ಮತ್ತು ಕ್ಯಾಮರಾನ್ ಡಯಾಸ್ ಈ ಮೂವರ ಪಾತ್ರಗಳನ್ನು ಮಾಡಿದ್ದಾರೆ. ನಿರ್ದೇಶಕ ಆಸ್ಟ್ರೇಲಿಯಾದ ಪಿ. ಜೆ. ಹೋಗನ್, ಕಥೆ ಬರೆದವರು ರೊನಾಲ್ಡ್ ಬಾಸ್.

ನಮ್ಮ ಓದುಗರಿಗೆ ಈ ನಾಯಕಿಯ ಮೇಲೆ ಏಕಿಷ್ಟು ಕೋಪ ಬಂತೆಂದು ಯೋಚಿಸುವಾಗ ನನಗೆ ಮೊದಲು ನೆನಪಾದುದು ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ನಮ್ಮ ಗಾದೆ. ಮದುವೆ ಮಾಡಿಸುವವನ ಸುಳ್ಳನ್ನು ನಮ್ಮ ಹಿರಿಯರು ಪುಣ್ಯದ ಲೆಕ್ಕಕ್ಕೆ ಬರೆದುಕೊಟ್ಟಿದ್ದಾರೆ. ಹುಡುಗನ ಸಂಬಳ, ಹುಡುಗಿಯ ವಯಸ್ಸು, ಆಸ್ತಿಯ ಅಳತೆ ಇವುಗಳಲ್ಲಿ ಹೆಚ್ಚುಕಡಿಮೆ ಮಾಡಿ ಹೇಳಿದ ಮಧ್ಯಸ್ಥನನ್ನು ಬೀಗರೆಲ್ಲ ಕೂಡಿ ಊಟದ ಪಂಕ್ತಿಯಲ್ಲಿ ಮೇಲಿನ ಎಲೆಗೆ ಕೂರಿಸುತ್ತಾರೆ. ಆದರೆ ಮದುವೆ ಮುರಿಯಲು ಹೇಳಿದ ಒಂದೇ ಒಂದು ಸುಳ್ಳಿಗೆ, ಮದುವೆಗೆ ಮುಂಚೆ ಊರಿಗೆ ಬಂದ ಒಂದೇ ಒಂದು ಮೂಕರ್ಜಿಗೆ, ನಮ್ಮಲ್ಲಿ ಕ್ಷಮೆಯಿಲ್ಲ. ಜೂಲಿಯಾನ್ ಹೇಳುವ ಸುಳ್ಳುಗಳೆಲ್ಲ ಈ ಎರಡನೆಯ ಜಾತಿಯವು. ವಧುವಿನ ತಂದೆಯ ಹೆಸರಿನಲ್ಲಿ ವರನ ಮೇಲಧಿಕಾರಿಗೆ ಅವಳು ಬರೆಯುವ ಇ-ಮೇಲ್ ಹೆಸರು ಬದಲಾದ ಮೂಕರ್ಜಿಯೇ ಹೊರತು ಬೇರೇನೂ ಅಲ್ಲ. ಅದನ್ನು ನೋಡಿದ ಕನ್ನಡದ ಪ್ರೇಕ್ಷಕರು ಸಿಟ್ಟಾದರೆ ಅವರು ಚಿತ್ರವನ್ನು ತಪ್ಪಾಗಿ ಓದಿದರೆಂದು ನಾನು ಹೇಳಲಾರೆ.

ಚಿತ್ರ ಆ ಸಿಟ್ಟನ್ನು ಬೇಕೆಂದೇ ಎಬ್ಬಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಡಿನ ಬಾರ್ ಒಂದರಲ್ಲಿ ನಡೆಯುವ ದೃಶ್ಯವನ್ನು ತಾವು ನೆನಪಿಸಿಕೊಳ್ಳಬೇಕು. ಕಿಮ್ಮಿಗೆ ಹಾಡಲು ಬಾರದು, ಹತ್ತು ಜನರೆದುರು ಬಾಯಿಬಿಡಲೂ ಅವಳಿಗೆ ಭಯ. ಇದು ಗೊತ್ತಿದ್ದೇ ಜೂಲಿಯಾನ್ ಅವಳ ಕೈಗೆ ಮೈಕು ಬರುವಂತೆ ಮಾಡುತ್ತಾಳೆ. ಕಿಮ್ಮಿ ಹಾಡತೊಡಗುತ್ತಾಳೆ. ಶ್ರುತಿ ಒಂದು ಕಡೆ, ಹಾಡು ಒಂದು ಕಡೆ. ಕೂತವರು ಮುಖ ಕಿವಿಚುತ್ತಾರೆ, ಯಾರೋ ಕೂಗುತ್ತಾರೆ. ಅವಳು ನಿಲ್ಲಿಸುವುದಿಲ್ಲ. ಹೆದರಿಕೆಯಿಂದ ಕಣ್ಣು ಅರಳಿಸಿಕೊಂಡೇ, ತನ್ನ ಗಂಡಾಗುವವನನ್ನೇ ನೋಡುತ್ತ, ಅಪಸ್ವರದಲ್ಲಿಯೇ ಹಾಡನ್ನು ಮುಗಿಸುತ್ತಾಳೆ, ಮುಗಿಯುವ ಹೊತ್ತಿಗೆ ಇಡೀ ಬಾರು ಎದ್ದು ನಿಂತವರಂತೆ ಅವಳ ಪರವಾಗಿರುತ್ತದೆ. ಆಗ ಕ್ಯಾಮೆರಾ ತೋರಿಸುವುದು ಮೈಕೆಲನ ಮುಖವನ್ನು. ಆ ಮುಖದಲ್ಲಿರುವ ಪ್ರೀತಿಯನ್ನು ಪಕ್ಕದಲ್ಲಿ ಕೂತ ಜೂಲಿಯಾನ್ ನೋಡುತ್ತಾಳೆ, ನಾವೂ ನೋಡುತ್ತೇವೆ. ಈ ಬಗೆಯ ಕಥೆಗಳಲ್ಲಿ ಸಾಮಾನ್ಯವಾಗಿ ಎದುರಾಳಿಯಾಗಿ ಬರುವ ಹುಡುಗಿ ಜಂಬಗಾತಿಯೋ ಹಣದಾಸೆಯವಳೋ ಆಗಿರುತ್ತಾಳೆ. ಅವಳನ್ನು ಬಿಟ್ಟುಬಿಡುವುದು ವರನಿಗೂ ಸುಲಭ, ಪ್ರೇಕ್ಷಕನಿಗೂ ಸುಲಭ. ಹೋಗನ್ ಮತ್ತು ಬಾಸ್ ಆ ಅನುಕೂಲವನ್ನು ಬೇಡವೆಂದರು. ಕಿಮ್ಮಿಯನ್ನು ಒಳ್ಳೆಯವಳನ್ನಾಗಿ ಮಾಡಿ, ನಾಯಕಿಯ ಸ್ಥಾನದಲ್ಲಿ ಕೂರಿಸಿದವಳ ಕೈಯಿಂದಲೇ ಅವಳಿಗೆ ಅನ್ಯಾಯ ಮಾಡಿಸಿದರು. ಹೀಗಾಗಿ ನಮ್ಮ ಮನಸ್ಸು ಚಿತ್ರದ ನಡುವೆ ಪಕ್ಷ ಬದಲಾಯಿಸುತ್ತದೆ.

ಈ ಚಿತ್ರದ ವಿಷಯದಲ್ಲಿ ಪ್ರೇಕ್ಷಕರ ಅಭಿಪ್ರಾಯವೆಂಬುದು ಬಿಡುಗಡೆಯ ನಂತರ ಹೊರಗಿನಿಂದ ಬಂದು ಅಂಟಿಕೊಂಡ ವಸ್ತುವಲ್ಲ. ಹಾಲಿವುಡ್ಡಿನ ಸ್ಟುಡಿಯೋಗಳು ಚಿತ್ರ ಪೂರ್ತಿಯಾಗುವ ಮುನ್ನ ಅದನ್ನು ಸಾಮಾನ್ಯ ಜನರಿಗೆ ತೋರಿಸುತ್ತವೆ. ಬಂದವರ ಕೈಗೆ ಮುದ್ರಿತ ಕಾರ್ಡ್ ಕೊಟ್ಟು, ಯಾವ ಪಾತ್ರ ಇಷ್ಟವಾಯಿತು, ಯಾವ ದೃಶ್ಯ ಬೇಸರ ತಂದಿತು, ಗೆಳೆಯರಿಗೆ ನೋಡಲು ಹೇಳುವಿರಾ ಎಂದು ಕೇಳುತ್ತವೆ. ಕೆಲವರನ್ನು ಉಳಿಸಿಕೊಂಡು ಬಾಯಿಮಾತಿನಲ್ಲಿಯೂ ವಿಚಾರಿಸುತ್ತವೆ. ಈ ಚಿತ್ರದ ಮೊದಲ ಅಂತ್ಯದಲ್ಲಿ ಮೈಕೆಲ್–ಕಿಮ್ಮಿಯರ ಮದುವೆಯ ನಂತರದ ಸಂಭ್ರಮಕೂಟದಲ್ಲಿ ಜೂಲಿಯಾನ್‌ಗೆ ಹೊಸ ಗಂಡಸೊಬ್ಬನ ಪರಿಚಯವಾಗುತ್ತಿತ್ತು. ಆ ಪಾತ್ರವನ್ನು ಜಾನ್ ಕಾರ್ಬೆಟ್ ಮಾಡಿದ್ದರು. ಪರೀಕ್ಷಾ ಪ್ರದರ್ಶನಕ್ಕೆ ಬಂದವರಿಗೆ ಅದು ಹಿಡಿಸಲಿಲ್ಲ. ಇಷ್ಟೆಲ್ಲ ಕಿಡಿಗೇಡಿತನ ಮಾಡಿದವಳಿಗೆ ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಇನ್ನೊಬ್ಬ ಸಿಕ್ಕಿಬಿಟ್ಟರೆ ಅದೆಂಥ ನ್ಯಾಯ ಎಂಬುದು ಅವರ ಭಾವನೆಯಾಗಿತ್ತು. ನಮ್ಮ ಓದುಗರು ಬರೆದುದಕ್ಕೂ ಅವರ ಭಾವನೆಗೂ ವ್ಯತ್ಯಾಸ ಹೆಚ್ಚಿಲ್ಲವೆಂಬುದನ್ನು ತಾವು ಗಮನಿಸಬೇಕು.

ಚಿತ್ರ ಮಾಡಿದವರು ಈ ಕೋಪವನ್ನು ಹೇಗೆ ಬಳಸಿಕೊಂಡರು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಪ್ರೇಕ್ಷಕರು ಹೇಳಿದರೆಂದು ಅವರು ನಾಯಕಿಗೆ ಶಿಕ್ಷೆ ಕೊಡಿಸಲಿಲ್ಲ, ಅವಳನ್ನು ಸಜ್ಜನಳನ್ನಾಗಿ ತಿದ್ದಲೂ ಇಲ್ಲ. ಅವರು ನೋಡಿದ್ದು ಪ್ರೇಕ್ಷಕರು ಯಾರನ್ನು ಪ್ರೀತಿಸಿದರು ಎಂಬುದನ್ನು. ಜೂಲಿಯಾನ್‌ಳ ಸಂಪಾದಕನೂ ಆಪ್ತನೂ ಆದ ಜಾರ್ಜ್ ಎಂಬ ಸಲಿಂಗಿ ಗೆಳೆಯನ ಪಾತ್ರದಲ್ಲಿ ರೂಪರ್ಟ್ ಎವರೆಟ್ ಎಲ್ಲರ ಮನಸ್ಸನ್ನು ಗೆದ್ದಿದ್ದರು. ಆ ಪಾತ್ರವನ್ನು ಬೆಳೆಸಲಾಯಿತು, ಅಂತ್ಯವನ್ನು ಹೊಸದಾಗಿ ಚಿತ್ರೀಕರಿಸಲಾಯಿತು. ಈಗ ನಾವು ನೋಡುವ ಚಿತ್ರದಲ್ಲಿ ಮದುವೆಯ ಮನೆಯಲ್ಲಿ ಒಬ್ಬಳೇ ಕೂತ ಜೂಲಿಯಾನ್‌ಗೆ ದೂರದಿಂದ ಜಾರ್ಜ್ ಫೋನ್ ಮಾಡುತ್ತಾನೆ, ಮಾತಾಡುತ್ತ ಆಡುತ್ತ ಅವನು ಅದೇ ಸಭಾಂಗಣದಲ್ಲಿ ಇದ್ದಾನೆಂದು ಅವಳಿಗೆ ತಿಳಿಯುತ್ತದೆ, ಇಬ್ಬರೂ ಕುಣಿಯುತ್ತಾರೆ. ಗಂಡನಾಗಲಿ ಪ್ರೇಮಿಯಾಗಲಿ ಸಿಗದೆ ಮುಗಿಯುವ ಈ ಪ್ರಣಯ ಹಾಸ್ಯಚಿತ್ರ ಜಗತ್ತಿನಾದ್ಯಂತ ಸುಮಾರು 30 ಕೋಟಿ ಡಾಲರ್ ಗಳಿಸಿತು. ಆಕೆಯನ್ನು ಒಪ್ಪದ ಪ್ರೇಕ್ಷಕರು ಆಕೆಗೆ ಕೊಡಿಸಿದ್ದು ಒಂದು ಸ್ನೇಹವನ್ನು. ಮೊದಲಿನ ಅಂತ್ಯಕ್ಕಿಂತ ಇದು ಎಷ್ಟೋ ಮೇಲು, ಮತ್ತು ಇದು ಸಾಧ್ಯವಾದದ್ದು ಆ ಕಾರ್ಡುಗಳ ಮೇಲೆ ಬಿದ್ದ ಕಟುವಾದ ಮಾತುಗಳಿಂದ.

ನಮಗೂ ಇದು ಹೊಸದೇನಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತು ಮಲಗಿದ ಪಾತ್ರವೂ ಎದ್ದು ಹಾಡನ್ನು ಮತ್ತೊಮ್ಮೆ ಹಾಡಬೇಕಾಗಿತ್ತೆಂದು ಹಿರಿಯರು ಹೇಳುತ್ತಿದ್ದರು. ಆದರೆ ಕೂಗಿದವರಿಗೆ ಬೇಕಾದದ್ದನ್ನು ಹಾಗೆಯೇ ಕೊಡುವುದು ಬೇರೆ, ಅವರು ಏಕೆ ಕೂಗಿದರೆಂದು ಅರ್ಥ ಮಾಡಿಕೊಂಡು ಬೇರೆಯದೇ ಒಂದನ್ನು ಕೊಡುವುದು ಬೇರೆ.

ಈಗ ತಮ್ಮ ಎರಡನೆಯ ಆಕ್ಷೇಪಕ್ಕೆ ಬರುತ್ತೇನೆ. ಇದರಲ್ಲಿ ಅರ್ಧವನ್ನು ಒಪ್ಪುತ್ತೇನೆ, ಇನ್ನರ್ಧವನ್ನು ಒಪ್ಪಲಾರೆ. ತಾವು 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಚಿತ್ರದ ರಾಜ್‌ನ ಉದಾಹರಣೆ ಕೊಟ್ಟಿದ್ದೀರಿ. ಅವನೂ ಸುಳ್ಳು ಹೇಳಿಕೊಂಡೇ ಪಂಜಾಬಿನ ಮದುವೆ ಮನೆಯನ್ನು ಹೊಗುತ್ತಾನೆ, ವರನ ಗೆಳೆತನ ಸಂಪಾದಿಸುತ್ತಾನೆ, ಮನೆಯ ಹೆಂಗಸರ ಮನಸ್ಸು ಗೆಲ್ಲುತ್ತಾನೆ. ಆದರೆ ಅಲ್ಲಿ ಸಿಮ್ರನ್ ಪ್ರೀತಿಸುವುದು ರಾಜ್‌ನನ್ನು. ಗೊತ್ತಾಗಿರುವ ಮದುವೆ ಅವಳ ಇಚ್ಛೆಗೆ ವಿರುದ್ಧವಾದದ್ದು. ಷಿಕಾಗೋದಲ್ಲಿ ಮೈಕೆಲ್ ಪ್ರೀತಿಸುವುದು ಕಿಮ್ಮಿಯನ್ನು, ಅವನನ್ನು ಯಾರೂ ಬಲವಂತಪಡಿಸಿಲ್ಲ. ಒಪ್ಪಿಗೆಯಿಲ್ಲದ ಮದುವೆಯನ್ನು ತಪ್ಪಿಸುವುದನ್ನೂ ಒಪ್ಪಿ ಆಗುತ್ತಿರುವ ಮದುವೆಯನ್ನು ಕೆಡಿಸುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹೀಗಾಗಿ ನಮ್ಮ ಓದುಗರ ಸಿಟ್ಟನ್ನೆಲ್ಲ ಗಂಡು–ಹೆಣ್ಣಿನ ಪಕ್ಷಪಾತದ ಖಾತೆಗೆ ಹಾಕಲು ನನಗೆ ಮನಸ್ಸು ಬಾರದು.

ತಮ್ಮ ಮಾತು ನಿಜವಾಗಿ ತಗಲುವುದು ನಮಗೆ ಇನ್ನೂ ಹತ್ತಿರದ ಒಂದು ಚಿತ್ರದ ಮುಂದೆ. 2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ಯ ಪ್ರೀತಮ್ ಕೂಡ ಮದುವೆ ಗೊತ್ತಾದ ಹುಡುಗಿಯ ಮನೆಯಲ್ಲಿಯೇ, ಮಡಿಕೇರಿಯ ಕರ್ನಲ್ ಸುಬ್ಬಯ್ಯನವರ ಆತಿಥ್ಯದಲ್ಲಿಯೇ ಉಳಿದುಕೊಂಡು ಆ ಹುಡುಗಿಯ ಹಿಂದೆ ಬೀಳುತ್ತಾನೆ. ನಂದಿನಿಯ ಮನಸ್ಸು ತನ್ನ ಕಡೆ ತಿರುಗಲಿ ಎಂದು ಅವನು ಮಾಡದ ಹಟವಿಲ್ಲ. ಆ ಮನೆಯ ಅಂಗಳದಲ್ಲಿ ಅವನು ಆಡುವ ಆಟಗಳಿಗೆ ಕರ್ನಾಟಕವೇ ನಕ್ಕಿತು. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿಯೇ ಚಿತ್ರ ವರ್ಷಕ್ಕೂ ಮೀರಿ ಓಡಿತು. ಕೊನೆಗೆ ಅವನು ಹಿಂದೆ ಸರಿದು, ಮದುವೆ ಸಾಂಗವಾಗಿ ನಡೆಯಲು ಬಿಟ್ಟು, ಸತ್ತ ಮೊಲವನ್ನು ಮಡಿಲಲ್ಲಿಟ್ಟುಕೊಂಡು ಅತ್ತಾಗ ನಾವೂ ಅತ್ತೆವು. ಜೂಲಿಯಾನ್ ಕೂಡ ಕೊನೆಗೆ ಹಿಂದೆ ಸರಿಯುತ್ತಾಳೆ. ರೈಲು ನಿಲ್ದಾಣದಲ್ಲಿ ಮೈಕೆಲನಿಗೆ ತನ್ನ ಅಪರಾಧಗಳನ್ನೆಲ್ಲ ಹೇಳಿಕೊಳ್ಳುತ್ತಾಳೆ, ಬೇಸ್‌ಬಾಲ್ ಕ್ರೀಡಾಂಗಣದ ಹೆಂಗಸರ ಶೌಚಾಲಯದಲ್ಲಿ ಅಪರಿಚಿತ ಹೆಂಗಸರ ಗುಂಪಿನೆದುರು ಕಿಮ್ಮಿಯ ಬೈಗುಳ ತಿಂದು ತಲೆತಗ್ಗಿಸುತ್ತಾಳೆ, ಮತ್ತು ಮದುವೆಯ ದಿನ ಗೆಳತಿಯ ಸ್ಥಾನದಲ್ಲಿ ನಿಂತು ದಂಪತಿಗಳನ್ನು ಹರಸುತ್ತಾಳೆ. ತನ್ನ ಮತ್ತು ಮೈಕೆಲನ ನಡುವಿನದಾಗಿದ್ದ ಹಾಡನ್ನು ಅವರಿಗೆ ತಮ್ಮದೇ ಹಾಡೊಂದು ಸಿಗುವವರೆಗೆ ಸಾಲವಾಗಿ ಕೊಡುತ್ತಾಳೆ. ಪ್ರೀತಮ್ ತನ್ನನ್ನು ಪ್ರೀತಿಸತೊಡಗಿದ ಹುಡುಗಿಯನ್ನು ಬಿಟ್ಟುಕೊಟ್ಟ, ಅವನ ತ್ಯಾಗ ದೊಡ್ಡದೆಂದು ವಾದಿಸಬಹುದು. ಆದರೂ ನಮಗೆ ಬಂದ ಪತ್ರಗಳಲ್ಲಿ ಒಂದರಲ್ಲಿಯೂ ಜೂಲಿಯಾನ್‌ಳ ಈ ಕೊನೆಯ ಅರ್ಧಗಂಟೆಯ ಪ್ರಸ್ತಾಪವೇ ಇರಲಿಲ್ಲ. ಹಟ ಮಾಡಿದ ಗಂಡನ್ನು ನಾವು ಅವನು ಕೊನೆಗೆ ಮಾಡಿದ್ದರಿಂದ ಅಳೆದೆವು. ಹಟ ಮಾಡಿದ ಹೆಣ್ಣನ್ನು ಅವಳು ಮೊದಲಿಗೆ ಮಾಡಿದ್ದರಿಂದ ಅಳೆದೆವು. ಈ ವ್ಯತ್ಯಾಸವನ್ನು ನನಗೆ ಕಾಣಿಸಿದ್ದು ತಮ್ಮ ಪತ್ರ, ಅದಕ್ಕಾಗಿ ಕೃತಜ್ಞ.

ಇನ್ನೊಂದು ಬಗೆಯ ಅಭಿಪ್ರಾಯವೂ ನಮಗೆ ಬಂದಿತ್ತು, ಅದನ್ನು ತಾವು ಗಮನಿಸಿದಂತಿಲ್ಲ. ಇಪ್ಪತ್ತರ ಆಸುಪಾಸಿನ ಕೆಲವರು ಜೂಲಿಯಾನ್ ಮತ್ತು ಕಿಮ್ಮಿ ಇಬ್ಬರನ್ನೂ ಬಿಟ್ಟು ಮೈಕೆಲನ ಮೇಲೆ ಬೆರಳು ತೋರಿಸಿದ್ದರು. ಕಿಮ್ಮಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದುತ್ತಿರುವವಳು. ಗಂಡನ ಜೊತೆ ಊರೂರು ಅಲೆಯುವುದಕ್ಕಾಗಿ ಅವಳು ಓದನ್ನು ಬಿಡಲು ಸಿದ್ಧಳಾಗಿದ್ದಾಳೆ. ತನ್ನ ತಂದೆಯ ಸಂಸ್ಥೆಯಲ್ಲಿ ಒಂದು ಕೆಲಸ ಒಪ್ಪಿಕೊಂಡರೆ ಹೇಗೆ ಎಂದು ಅವಳು ಹೆದರುತ್ತಲೇ ಕೇಳಿದಾಗ ಮೈಕೆಲ್ ಊಟದ ಮೇಜಿನಲ್ಲಿಯೇ ಸಿಡಿದುಬೀಳುತ್ತಾನೆ. ಅವಳು ಅಳುತ್ತ ಕ್ಷಮೆ ಕೇಳುತ್ತಾಳೆ. ಹೀಗೆ ಕೇಳುವಂತೆ ಅವಳಿಗೆ ಕಿವಿಯೂದಿದವಳು ಜೂಲಿಯಾನ್ ಎಂಬುದು ನಿಜ, ಆದರೆ ಸಿಡಿದವನು ಮೈಕೆಲ್ ತಾನೇ ಎಂದು ಈ ಓದುಗರು ಕೇಳಿದ್ದರು. ನಾನು ಈ ಚಿತ್ರವನ್ನು ಮೊದಲು ನೋಡಿದಾಗ ಆ ದೃಶ್ಯದಲ್ಲಿ ಜೂಲಿಯಾನ್‌ಳ ಸಂಚು ಫಲಿಸಲಿಲ್ಲವೆಂದು ನಕ್ಕಿದ್ದು ನೆನಪಿದೆ. ಕಿಮ್ಮಿಯ ಓದಿನ ವಿಷಯ ನನ್ನ ತಲೆಗೆ ಹೋಗಿರಲೇ ಇಲ್ಲ. ಓದನ್ನು ಅರ್ಧಕ್ಕೆ ಬಿಡಿಸಿ ಮದುವೆ ಮಾಡಿಕೊಟ್ಟ ಅಕ್ಕಂದಿರನ್ನು ಪ್ರತಿ ಮನೆಯಲ್ಲಿಯೂ ಕಂಡ ನಾಡಿನವರಿಗೆ ಇದು ಮೊದಲೇ ಕಾಣಬೇಕಾಗಿತ್ತು. ಯಾವ ವಿಮರ್ಶಕರೂ ತೋರಿಸದಿದ್ದ ಇದನ್ನು ನನಗೆ ತೋರಿಸಿದ್ದು ಒಬ್ಬ ಕಾಲೇಜು ಹುಡುಗಿಯ ಅರ್ಧ ಪುಟದ ಪತ್ರ.

ತಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದಲೇ ಹುಟ್ಟುತ್ತದೆ. ಪ್ರೇಕ್ಷಕರ ಅಭಿಪ್ರಾಯಕ್ಕೆ ಸ್ಥಳ ಕೊಡುವುದನ್ನು ನಾವು ನಿಲ್ಲಿಸುವುದಿಲ್ಲ. ಮದುವೆಯನ್ನು ಕುರಿತ ಹಾಸ್ಯಚಿತ್ರಗಳ ಮಟ್ಟಿಗಂತೂ ಪ್ರೇಕ್ಷಕರೇ ಬಲ್ಲವರು, ಏಕೆಂದರೆ ಮದುವೆ ಮನೆಯಲ್ಲಿ ಕೆಲಸ ಮಾಡದ, ಮುನಿಸಿಕೊಳ್ಳದ, ಮುನಿದವರನ್ನು ಊಟಕ್ಕೆ ಎಬ್ಬಿಸದ ಪ್ರೇಕ್ಷಕರು ಯಾವ ದೇಶದಲ್ಲಿಯೂ ಇಲ್ಲ. 2002ರಲ್ಲಿ ಬಂದ ‘ಮೈ ಬಿಗ್ ಫ್ಯಾಟ್ ಗ್ರೀಕ್ ವೆಡ್ಡಿಂಗ್’ ಸುಮಾರು 50 ಲಕ್ಷ ಡಾಲರಿನಲ್ಲಿ ತಯಾರಾಗಿ, ಒಂದು ವಾರಾಂತ್ಯದಲ್ಲಿಯೂ ಗಳಿಕೆಯ ಮೊದಲ ಸ್ಥಾನಕ್ಕೇರದೆ, ಬಾಯಿಂದ ಬಾಯಿಗೆ ಹರಡಿದ ಮಾತಿನ ಬಲದಿಂದಲೇ ತಿಂಗಳುಗಟ್ಟಲೆ ಓಡಿ, ಅಮೆರಿಕದಲ್ಲಿಯೇ 24 ಕೋಟಿ ಡಾಲರ್ ದಾಟಿತು. ಸಸ್ಯಾಹಾರಿ ಅಳಿಯನಿಗೆ ಪರವಾಗಿಲ್ಲ, ಕುರಿ ಮಾಂಸ ಮಾಡುತ್ತೇನೆ ಎನ್ನುವ ಅದರ ಗ್ರೀಕ್ ಅತ್ತೆಮ್ಮನನ್ನು ಕಂಡವರು ತಮ್ಮ ಮನೆಯ ಅತ್ತೆಮ್ಮನನ್ನು ಕರೆದುಕೊಂಡು ಮತ್ತೊಮ್ಮೆ ಹೋದರು. ಅಂಥ ಮಾತಿಗೆ ಪತ್ರಿಕೆ ಬಾಗಿಲು ಮುಚ್ಚಬಾರದು.

ಆದರೆ ತಮ್ಮ ಪತ್ರದ ನಂತರ ನಾವು ಒಂದು ಪದ್ಧತಿಯನ್ನು ಬದಲಾಯಿಸುತ್ತಿದ್ದೇವೆ. ಇನ್ನು ಮುಂದೆ ಅಭಿಪ್ರಾಯ ಬರೆಯುವವರನ್ನು, ತಮ್ಮ ಮೆಚ್ಚುಗೆಯೋ ಸಿಟ್ಟೋ ಚಿತ್ರದ ಯಾವ ದೃಶ್ಯದಲ್ಲಿ ಹುಟ್ಟಿತೆಂದು ತಪ್ಪದೆ ತಿಳಿಸಬೇಕೆಂದು ಕೋರುತ್ತೇವೆ. ‘ಮನೆಮುರುಕಿ’ ಎಂದು ಬರೆದವರನ್ನು ನಾನು ಪತ್ರ ಬರೆದು ಇದನ್ನೇ ಕೇಳಿದೆ. ಹಾಡಿನ ಬಾರಿನ ದೃಶ್ಯದಲ್ಲಿ ಎಂದು ಅವರು ಉತ್ತರಿಸಿದರು. ಜೊತೆಗೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಲು ಬಾರದ ತಮ್ಮನ್ನು ಗೆಳತಿಯರು ವೇದಿಕೆಗೆ ತಳ್ಳಿ ನಕ್ಕಿದ್ದನ್ನೂ ಬರೆದರು. ಆ ಒಂದು ಸಾಲು ಹಿಂದಿನ ಸಂಚಿಕೆಯಲ್ಲಿ ಇದ್ದಿದ್ದರೆ ತಾವು ಈ ಪತ್ರವನ್ನು ಬೇರೆ ರೀತಿಯಲ್ಲಿ ಬರೆಯುತ್ತಿದ್ದಿರೇನೋ.

ಸ್ಥಳವಿಲ್ಲವೆಂದು ಹಿಂದಿನ ಸಲ ಬಿಟ್ಟಿದ್ದ ಒಂದು ಅಂಚೆ ಕಾರ್ಡನ್ನು ಈ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ. ಷಿಕಾಗೋ ನದಿಯ ಮೇಲೆ ದೋಣಿಯಲ್ಲಿ ಹೋಗುವಾಗ, ಪ್ರೀತಿಯಿದ್ದರೆ ಆ ಕ್ಷಣದಲ್ಲಿಯೇ ಬಾಯಿಬಿಟ್ಟು ಹೇಳಿಬಿಡಬೇಕು, ಇಲ್ಲದಿದ್ದರೆ ಕ್ಷಣ ಕಳೆದುಹೋಗುತ್ತದೆ ಎಂಬರ್ಥದ ಮಾತನ್ನು ಮೈಕೆಲ್ ಆಡುತ್ತಾನೆ. ಜೂಲಿಯಾನ್ ಬಾಯಿ ತೆರೆಯುವಷ್ಟರಲ್ಲಿ ದೋಣಿ ಸೇತುವೆಯ ಕೆಳಗೆ ಹೋಗುತ್ತದೆ, ಇಬ್ಬರ ಮುಖದ ಮೇಲೂ ನೆರಳು ಬೀಳುತ್ತದೆ, ಮತ್ತೆ ಬಿಸಿಲಿಗೆ ಬರುವ ಹೊತ್ತಿಗೆ ಅವಳು ಏನನ್ನೂ ಹೇಳಿರುವುದಿಲ್ಲ. ಕಾರ್ಡ್ ಬರೆದವರು ಉಳಿದ ಚಿತ್ರದ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಆ ಸೇತುವೆ ಇನ್ನೂ ಸ್ವಲ್ಪ ಅಗಲವಾಗಿರಬೇಕಿತ್ತು ಎಂದಷ್ಟೇ ಬರೆದಿದ್ದಾರೆ. ಹೊಟೇಲಿನ ಪಡಸಾಲೆಯಲ್ಲಿ ನೆಲದ ಮೇಲೆ ಕೂತು ಸಿಗರೇಟು ಸೇದುತ್ತಿದ್ದ ಜೂಲಿಯಾನ್‌ಳನ್ನು ಅಲ್ಲಿಯ ಕೆಲಸದ ಹುಡುಗ, ಇದೂ ಕಳೆದುಹೋಗುತ್ತದೆ ಎಂದು ಸಮಾಧಾನ ಮಾಡುವ ದೃಶ್ಯದ ಬಗ್ಗೆ ತಾವು ಪತ್ರದ ಮೂರನೆಯ ಪುಟದಲ್ಲಿ ಬರೆದ ಭಾಗವನ್ನು ತಮ್ಮ ಅನುಮತಿ ಇದೆಯೆಂದು ನಂಬಿ ಆ ಕಾರ್ಡಿನ ಪಕ್ಕದಲ್ಲಿಯೇ ಅಚ್ಚು ಮಾಡಿದ್ದೇವೆ. ಈ ಸಲ ತಲೆಬರಹ ಕೊಟ್ಟಿಲ್ಲ.

ವಂದನೆಗಳೊಂದಿಗೆ,
ಸಂಪಾದಕ